ಹೊಟ್ಟೆಗೊಂದು ಬೆಳಕಿಂಡಿ

ಹಳೆಯ ಕಾಲದ ಹೆಂಚಿನ ಮನೆಗಳಲ್ಲಿ ಅಡಿಗೆಮನೆಯ ಮಾಡಿಗೆ ಒಂದು ಬೆಳಕಿಂಡಿ ಇಡುತ್ತಿದ್ದರು. ಅಂಗೈಯಗಲದ ಆ ಕಿಂಡಿಯಿಂದ ಇಳಿದ ಬಿಸಿಲುಕೋಲು ಒಲೆಯ ಮೂಲೆಯನ್ನೂ ಭರಣಿಗಳ ಸಾಲನ್ನೂ ತೋರಿಸಿಕೊಡುತ್ತಿತ್ತು. ಅದಿಲ್ಲದಿದ್ದರೆ ಹಾಡುಹಗಲಿನಲ್ಲಿಯೂ ತಡವರಿಸಬೇಕು. ಉಪ್ಪೆಂದು ಹಾಕಿದ ಕೈ ಮೆಣಸಿನ ಪುಡಿಯ ಭರಣಿಗೆ ಬಿದ್ದೀತು. ಮನುಷ್ಯನ ಹೊಟ್ಟೆಯೂ ಅಂಥದೇ ಒಂದು ಕತ್ತಲೆಯ ಕೋಣೆ. ಅದರೊಳಗೆ ನಡೆಯುವುದನ್ನು ವೈದ್ಯರು ಶತಮಾನಗಳ ಕಾಲ ಹೊರಗಿನಿಂದ ಬೆರಳಾಡಿಸಿ, ತಟ್ಟಿ, ಕಿವಿಗೊಟ್ಟು ಊಹಿಸುತ್ತಿದ್ದರು. ಊಹೆ ಸರಿಹೋದರೆ ರೋಗಿಯ ಪುಣ್ಯ. ತಪ್ಪಿದರೆ ವಿಧಿ ಎನ್ನುತ್ತಿದ್ದರು.

ಈ ಕತ್ತಲೆಯ ಪ್ರಯೋಜನವನ್ನು ಚೆನ್ನಾಗಿ ಬಲ್ಲ ರೋಗಗಳಲ್ಲಿ ಹೊಟ್ಟೆಯ ಕ್ಷಯ ಒಂದು. ಕ್ಷಯವೆಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಕೆಮ್ಮು, ಕಫ, ರಕ್ತ ಮತ್ತು ಎದೆಯ ಎಕ್ಸ್-ರೇ. ಆದರೆ 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕೋಚ್ ಪ್ರಕಟಪಡಿಸಿದ ಆ ಕಡ್ಡಿಯಾಕಾರದ ರೋಗಾಣುವಿಗೆ ಶ್ವಾಸಕೋಶವೊಂದೇ ಮನೆಯಲ್ಲ. ಮೂಳೆ, ಮಿದುಳು, ಮೂತ್ರಪಿಂಡ, ಕತ್ತಿನ ಗಂಟು, ಗರ್ಭಕೋಶ, ಕರುಳು ಹೀಗೆ ಎಲ್ಲೆಂದರಲ್ಲಿ ಅದು ಬೀಡು ಬಿಡಬಲ್ಲದು. ಹೊಟ್ಟೆಯೊಳಗೆ ಸೇರಿಕೊಂಡಾಗ ಅದು ಕೆಮ್ಮುವುದಿಲ್ಲ. ಸದ್ದಿಲ್ಲದೆ ಹತ್ತು ಬೇರೆ ರೋಗಗಳ ವೇಷ ಹಾಕುತ್ತದೆ. ಆ ವೇಷವನ್ನು ಕಳಚಿ ನಿಜರೂಪವನ್ನು ಕಾಣುವುದಕ್ಕೆ ವೈದ್ಯರು ತೆರೆದ ಬೆಳಕಿಂಡಿಯೇ ಲ್ಯಾಪರಾಸ್ಕೋಪಿ. ಜನರ ಮಾತಿನಲ್ಲಿ ಕೀಹೋಲ್ ಆಪರೇಷನ್.

ಹೊಟ್ಟೆಗೆ ಕ್ಷಯ ಬರುವ ಬಗೆ

ರೋಗಾಣು ಹೊಟ್ಟೆಯನ್ನು ತಲಪುವ ದಾರಿಗಳು ಹಲವು. ಶ್ವಾಸಕೋಶದ ಕ್ಷಯವುಳ್ಳವನು ತನ್ನ ಕಫವನ್ನೇ ನುಂಗಿದಾಗ ಅದು ಅನ್ನದ ದಾರಿಯಲ್ಲಿ ಇಳಿಯುತ್ತದೆ. ಎಂದೋ ಎದೆಗೆ ಹೊಕ್ಕು ಮಲಗಿದ್ದ ರೋಗಾಣು ರಕ್ತದಲ್ಲಿ ತೇಲಿ ಬಂದು, ದೇಹದ ಕಸುವು ಕುಂದಿದ ದಿನ ಎಚ್ಚರಗೊಳ್ಳುತ್ತದೆ. ಪಕ್ಕದ ಗ್ರಂಥಿಗಳಿಂದಲೋ ಅಂಡನಾಳದಿಂದಲೋ ಹಬ್ಬುವುದೂ ಉಂಟು. ರೋಗವುಳ್ಳ ಹಸುವಿನ ಹಸಿ ಹಾಲು ಹಿಂದೆ ಯೂರೋಪಿನಲ್ಲಿ ದೊಡ್ಡ ಕಾರಣವಾಗಿತ್ತು. ಹಾಲನ್ನು ಉಕ್ಕಿಸಿಯೇ ಕುಡಿಯುವ ನಮ್ಮ ಮನೆಗಳ ಪದ್ಧತಿ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ.

ಒಳಹೊಕ್ಕ ರೋಗಾಣು ನೆಲೆಸುವ ಸ್ಥಳಗಳೂ ಬೇರೆ ಬೇರೆ. ಹೊಟ್ಟೆಯ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತಿರುವು ಅದಕ್ಕೆ ಬಹಳ ಪ್ರಿಯ. ಅಲ್ಲಿ ಅನ್ನರಸ ತುಸು ಹೊತ್ತು ತಂಗುತ್ತದೆ. ರೋಗಾಣುಗಳನ್ನು ಹಿಡಿದಿಡುವ ಗ್ರಂಥಿಯ ಅಂಶವೂ ಅಲ್ಲಿ ಹೇರಳವಾಗಿದೆ. ಎರಡನೆಯದು ಕರುಳಿನ ಸುತ್ತಣ ಗ್ರಂಥಿಗಳು. ಮೂರನೆಯದು ಪೆರಿಟೋನಿಯಮ್ ಎಂಬ ಪೊರೆ. ಕೋಟಿಗೆ ಒಳಬಟ್ಟೆ ಹೊಲಿದಂತೆ ಹೊಟ್ಟೆಯ ಒಳಗೋಡೆಗೆ ಹೊದಿಸಿರುವ, ಕರುಳು ಈಲಿಗಳನ್ನೂ ಸುತ್ತಿಕೊಂಡಿರುವ ಈ ಪೊರೆ ಆರೋಗ್ಯದಲ್ಲಿ ತೆಳ್ಳಗೆ ನುಣ್ಣಗೆ ಥಳಥಳಿಸುತ್ತದೆ. ಕ್ಷಯ ಹತ್ತಿದಾಗ ದಪ್ಪವಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ, ನೀರು ಒಸರಿಸುತ್ತದೆ. ಆ ನೀರು ತುಂಬಿ ಹೊಟ್ಟೆ ಉಬ್ಬುವುದೇ ಜಲೋದರ.

ಒಂದು ಮನೆಯ ಕತೆ

ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಗಂಡ ಬ್ಯಾಂಕಿನಲ್ಲಿ ಗುಮಾಸ್ತ, ಹೆಂಡತಿಗೆ ಮೂವತ್ತರ ಆಸುಪಾಸು, ಒಂದು ಮಗು. ಕೆಲವು ತಿಂಗಳಿಂದ ಆಕೆಗೆ ಊಟ ಸೇರದು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಬೆವರುತ್ತದೆ. ಹೊಟ್ಟೆಯಲ್ಲಿ ಹಿಡಿದುಕೊಂಡಂತೆ ನೋವು. “ಅಜೀರ್ಣವಮ್ಮಾ, ಜೀರಿಗೆ ಕಷಾಯ ಕುಡಿ” ಎಂದು ಅತ್ತೆಯವರು ಮಾಡಿಕೊಟ್ಟರು. ಬೀದಿಯ ಕೊನೆಯ ಡಾಕ್ಟರು ಹೊಟ್ಟೆಯ ಹುಳಕ್ಕೆಂದು ಗುಳಿಗೆ ಕೊಟ್ಟರು. ಆಕೆಯ ತೋಳು ಕೆನ್ನೆಗಳು ಇಳಿದವು. ಹೊಟ್ಟೆ ಮಾತ್ರ ಮುಂದೆ ಬಂತು. ನೆರೆಯ ಹೆಂಗಸರು ಶುಭವಾರ್ತೆಯೇನೋ ಎಂದು ನಕ್ಕರು. ಆಕೆ ನಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡಿದರೆ ಹೊಟ್ಟೆಯಲ್ಲಿ ನೀರು ಕಂಡಿತು. ಅಂಡಾಶಯದ ಪಕ್ಕದಲ್ಲಿ ಏನೋ ಗಡ್ಡೆಯಂಥದೂ ಕಂಡಿತು. ರಕ್ತ ಪರೀಕ್ಷೆಯಲ್ಲಿ ಸಿ.ಎ. 125 ಎಂಬ ವಸ್ತು ಮಿತಿಮೀರಿ ಏರಿತ್ತು. ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ವಸ್ತು ಅದು. ಆ ಚೀಟಿಯನ್ನು ಕೈಯಲ್ಲಿ ಹಿಡಿದ ಗಂಡನಿಗೆ ಆಸ್ಪತ್ರೆಯ ಮೆಟ್ಟಿಲೇ ಕಾಣದಾಯಿತು. ಆದರೆ ಅದೇ ಸಿ.ಎ. 125 ಹೊಟ್ಟೆಯ ಕ್ಷಯದಲ್ಲಿಯೂ ಏರುತ್ತದೆ. ಅದೇ ನೀರು, ಅದೇ ಗಡ್ಡೆ, ಅದೇ ತೂಕದ ಇಳಿತ ಎರಡು ರೋಗಗಳಲ್ಲಿಯೂ ಉಂಟು. ಒಂದಕ್ಕೆ ಭಾರಿಯ ಶಸ್ತ್ರಕ್ರಿಯೆ ಮತ್ತು ಕಟುವಾದ ಔಷಧಿಗಳು. ಇನ್ನೊಂದಕ್ಕೆ ಆರು ತಿಂಗಳ ಗುಳಿಗೆ.

ಇದು ಬರಿಯ ಕಲ್ಪನೆಯ ಭಯವಲ್ಲ. ಕ್ಯಾನ್ಸರೆಂದು ನಂಬಿ ಹೊಟ್ಟೆಯನ್ನು ಉದ್ದಕ್ಕೆ ತೆರೆದು, ಕ್ಷಯವೆಂದು ತಿಳಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಕೆಲವು ವೇಳೆ ಆ ಹೊತ್ತಿಗೆ ತಾಯ್ತನದ ಅಂಗಗಳೇ ಹೋಗಿರುತ್ತವೆ. ಇದಕ್ಕೆ ವಿರುದ್ಧವಾದುದೂ ಉಂಟು. “ಕ್ಷಯವೇ ಇರಬೇಕು, ಗುಳಿಗೆ ಕೊಟ್ಟು ನೋಡೋಣ” ಎಂದು ತಿಂಗಳುಗಳನ್ನು ಕಳೆಯುವಷ್ಟರಲ್ಲಿ ನಿಜವಾದ ಕ್ಯಾನ್ಸರ್ ಕೈಮೀರಿರುತ್ತದೆ. ಕ್ರೋನ್ಸ್ ರೋಗವೆಂಬ ಕರುಳಿನ ಬೇನೆಯೊಂದಿದೆ. ಅದು ಕ್ಷಯಕ್ಕೆ ಅವಳಿಜವಳಿಯಂತೆ ಕಾಣುತ್ತದೆ. ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧಿಯನ್ನು ಕ್ಷಯವುಳ್ಳವರಿಗೆ ತಪ್ಪಿ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ.

ನೀರು ಹೇಳದ ಸತ್ಯ

ಹೊಟ್ಟೆಯ ನೀರನ್ನೇ ಸೂಜಿಯಿಂದ ತೆಗೆದು ಪರೀಕ್ಷಿಸಿದರೆ ರೋಗಾಣು ಸಿಕ್ಕಲಾರದೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಶ್ವಾಸಕೋಶದ ಕ್ಷಯದಲ್ಲಿ ಕಫವೇ ಸಾಕ್ಷಿ ಹೇಳುತ್ತದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನಗಳಲ್ಲಿ ಒಂದು ಸಂಗತಿ ಹೊರಬಿತ್ತು. ಕ್ಷಯರೋಗಿಗಳಲ್ಲಿ ಅನೇಕರು ತಮ್ಮ ಬೇನೆಯನ್ನು ತಾವೇ ಅರಿತು ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಗೊತ್ತಾಗುತ್ತದೆ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಆ ಸಂಸ್ಥೆಯ ಕೆಲಸವೇ ಬುನಾದಿಯಾಯಿತು. ಆದರೆ ಹೊಟ್ಟೆಗೆ ಕಫವಿಲ್ಲ. ಹೊಟ್ಟೆಯ ಕ್ಷಯವಿದ್ದ ಅನೇಕರ ಎದೆಯ ಎಕ್ಸ್-ರೇಯಲ್ಲಿ ಕಲೆಯೂ ಕಾಣುವುದಿಲ್ಲ.

ಹೊಟ್ಟೆಯ ನೀರು ಧಾರಾಳವಾಗಿ ಸಿಕ್ಕಿದರೂ ಅದರಲ್ಲಿ ರೋಗಾಣುಗಳು ಬಹು ವಿರಳ. ಸೂಕ್ಷ್ಮದರ್ಶಕದಲ್ಲಿ ನೂರರಲ್ಲಿ ಮೂರು ಮಂದಿಯಲ್ಲಿಯೂ ಅವು ಕಣ್ಣಿಗೆ ಬೀಳುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಸಾಕಿ ಬೆಳೆಸಿದರೂ ಸುಮಾರು ನೂರಕ್ಕೆ ಇಪ್ಪತ್ತು ಮಂದಿಯಲ್ಲಿ ದೊರೆತರೆ ಹೆಚ್ಚು. ಅದಕ್ಕೂ ವಾರಗಟ್ಟಲೆ ಕಾಯಬೇಕು. ನೀರಿನಲ್ಲಿ ಎ.ಡಿ.ಎ. ಎಂಬ ಕಿಣ್ವ ಲೀಟರಿಗೆ ನಲವತ್ತು ಯೂನಿಟ್ಟಿನ ಸುತ್ತುಮುತ್ತ ಅಥವಾ ಅದಕ್ಕೆ ಮೇಲೆ ಇದ್ದರೆ ಕ್ಷಯದ ಶಂಕೆ ಬಲವಾಗುತ್ತದೆ. ಇದು ಬಹಳ ಉಪಯುಕ್ತವಾದ ಪರೀಕ್ಷೆ. ಹೆಚ್ಚು ಖರ್ಚಿಲ್ಲ, ನೋವಿಲ್ಲ. ಆದರೆ ಇದು ಬೆರಳು ಮಾಡಿ ತೋರಿಸುತ್ತದೆಯೇ ಹೊರತು ಕೈಹಿಡಿದು ತಂದು ನಿಲ್ಲಿಸುವುದಿಲ್ಲ. ನೀರೇ ಇಲ್ಲದ ಒಣ ಬಗೆಯ ಕ್ಷಯದಲ್ಲಿ ಇದಕ್ಕೂ ಆಸ್ಪದವಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ದಪ್ಪವಾದ ಪೊರೆಯೂ ಉಬ್ಬಿದ ಗ್ರಂಥಿಗಳೂ ಕಾಣುತ್ತವೆ. ಅವು ಯಾವ ರೋಗದವೆಂಬುದನ್ನು ಅದು ಖಚಿತವಾಗಿ ಹೇಳಲಾರದು.

ತಪ್ಪಿನಿಂದ ಹೊಳೆದ ದಾರಿ

ಈ ಸಂದಿಗ್ಧ ಇಂದಿನದಲ್ಲ. 1862ರಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಸ್ಪೆನ್ಸರ್ ವೆಲ್ಸ್ ಅವರು ಅಂಡಾಶಯದ ನೀರುಗಡ್ಡೆಯೆಂದು ಭಾವಿಸಿ ತರುಣಿಯೊಬ್ಬಳ ಹೊಟ್ಟೆಯನ್ನು ತೆರೆದರು. ಗಡ್ಡೆ ಇರಲಿಲ್ಲ, ಕ್ಷಯ ಹತ್ತಿದ ಪೊರೆಯೂ ನೀರೂ ಇದ್ದವು. ನೀರನ್ನು ಬಸಿದು ಹೊಲಿಗೆ ಹಾಕಿದರು. ಆಶ್ಚರ್ಯವೆಂದರೆ ಆಕೆ ಚೇತರಿಸಿಕೊಂಡಳು. ಮುಂದೆ ಜರ್ಮನಿಯ ಫ್ರಾನ್ಸ್ ಕೋನಿಗ್ ಮೊದಲಾದವರು, ಹೊಟ್ಟೆಯನ್ನು ತೆರೆದು ಮುಚ್ಚುವುದೇ ಈ ರೋಗಕ್ಕೆ ಚಿಕಿತ್ಸೆಯೆಂದು ವಾದಿಸಿದರು. ಬೇರೆ ಮದ್ದಿಲ್ಲದ ಕಾಲ. ದಶಕಗಳವರೆಗೆ ಆ ನಂಬಿಕೆ ನಡೆದುಬಂತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು, 1952ರಲ್ಲಿ ಐಸೊನಯಾಜಿಡ್ ಬಳಕೆಗೆ ಬಂದ ಮೇಲೆ ಚಿಕಿತ್ಸೆಗಾಗಿ ಹೊಟ್ಟೆಯನ್ನು ಕೊಯ್ಯುವ ಅಗತ್ಯ ತಪ್ಪಿತು. ಆದರೆ ರೋಗವನ್ನು ಗುರುತಿಸುವುದಕ್ಕಾಗಿ ಕೊಯ್ಯುವ ಅಗತ್ಯ ಉಳಿದುಕೊಂಡಿತು.

ಅಷ್ಟು ದೊಡ್ಡ ಗಾಯ ಮಾಡದೆ ಒಳಗಣದನ್ನು ನೋಡುವ ಯುಕ್ತಿ ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಹುಟ್ಟಿತು. 1901ರ ಸೆಪ್ಟೆಂಬರಿನಲ್ಲಿ ಹ್ಯಾಂಬರ್ಗ್ ನಗರದ ವಿಜ್ಞಾನಿಗಳ ಸಮ್ಮೇಳನದಲ್ಲಿ ಡ್ರೆಸ್ಡೆನ್ನಿನ ಜಾರ್ಜ್ ಕೆಲ್ಲಿಂಗ್ ಒಂದು ನಾಯಿಯ ಹೊಟ್ಟೆಗೆ ಗಾಳಿ ತುಂಬಿ, ಮೂತ್ರಕೋಶವನ್ನು ನೋಡಲೆಂದು ಮಾಡಿದ್ದ ದರ್ಶಕ ಕೊಳವೆಯನ್ನು ಒಳಗಿಳಿಸಿ ತೋರಿಸಿದರು. ಮನುಷ್ಯರಲ್ಲಿ ಇದನ್ನು ಕ್ರಮವಾಗಿ ಬಳಕೆಗೆ ತಂದವರು ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಹಾನ್ಸ್ ಕ್ರಿಸ್ಟಿಯನ್ ಜಾಕೋಬಿಯಸ್. ಅವರು ಶಸ್ತ್ರವೈದ್ಯರಲ್ಲ, ಔಷಧವೈದ್ಯರು. 1910ರಲ್ಲಿ ಅವರು ತಮ್ಮ ಅನುಭವವನ್ನು ಪ್ರಕಟಿಸಿದರು. ಅವರು ಮೊದಲಿಗೆ ಆರಿಸಿಕೊಂಡದ್ದು ಜಲೋದರದ ರೋಗಿಗಳನ್ನೇ. ನೀರು ತುಂಬಿದ ಹೊಟ್ಟೆಯಲ್ಲಿ ಕರುಳು ಗೋಡೆಯಿಂದ ದೂರ ತೇಲುವುದರಿಂದ ಕೊಳವೆ ಚುಚ್ಚುವಾಗ ಅಪಾಯ ಕಡಿಮೆ. ಅವರ ಕಣ್ಣಿಗೆ ಬಿದ್ದ ರೋಗಗಳಲ್ಲಿ ಪೊರೆಯ ಕ್ಷಯವೂ ಒಂದಾಗಿತ್ತು. ಎಂದರೆ ಈ ವಿದ್ಯೆಗೂ ಈ ರೋಗಕ್ಕೂ ಇರುವ ನಂಟು ತೊಟ್ಟಿಲಿನಿಂದಲೇ ಬಂದದ್ದು.

ಆ ನಂಟಿನ ಇನ್ನೊಂದು ಎಳೆ ಹಂಗೆರಿಯಲ್ಲಿದೆ. ಶ್ವಾಸಕೋಶದ ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ಎದೆಗೂಡಿಗೆ ಗಾಳಿ ತುಂಬಿ, ರೋಗ ಹತ್ತಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುತ್ತಿದ್ದರು. ಆಗ ಸೂಜಿಯ ಮೊನೆ ಶ್ವಾಸಕೋಶವನ್ನೇ ಚುಚ್ಚುವ ಭಯವಿತ್ತು. ಯಾನೊಷ್ ವೆರೆಷ್ ಎಂಬ ವೈದ್ಯರು ಸ್ಪ್ರಿಂಗ್ ಇರುವ ಒಂದು ಸೂಜಿಯನ್ನು ರಚಿಸಿ 1938ರಲ್ಲಿ ವಿವರಿಸಿದರು. ಗಟ್ಟಿಯಾದ ಗೋಡೆಯನ್ನು ದಾಟಿದೊಡನೆ ಅದರ ಒಳಗಿನ ಮೊಂಡು ತುದಿ ತಾನೇ ಮುಂದಕ್ಕೆ ಚಿಮ್ಮಿ ಹರಿತವಾದ ಮೊನೆಯನ್ನು ಮರೆಮಾಡುತ್ತದೆ. ಎದೆಗೆ ಗಾಳಿ ತುಂಬುವ ಆ ಚಿಕಿತ್ಸೆ ಮದ್ದುಗಳು ಬಂದ ಮೇಲೆ ಮರೆಯಾಯಿತು. ವೆರೆಷರ ಸೂಜಿ ಮಾತ್ರ ಇಂದಿಗೂ ಕೀಹೋಲ್ ಶಸ್ತ್ರಕ್ರಿಯೆಯಲ್ಲಿ ಹೊಟ್ಟೆಗೆ ಅನಿಲ ತುಂಬಲು ಬಳಕೆಯಲ್ಲಿದೆ. ಅದರ ಮೂಲ ಕ್ಷಯದ ವಾರ್ಡಿನಲ್ಲಿತ್ತೆಂಬುದನ್ನು ನೆನೆಯುವವರು ಕಡಿಮೆ.

ನೋಟವನ್ನು ತಿಳಿಗೊಳಿಸಿದವರು ಇನ್ನಿಬ್ಬರು. ಜರ್ಮನಿಯ ಹೈಂಜ್ ಕಾಲ್ಕ್ 1929ರ ಸುಮಾರಿಗೆ ಓರೆಯಾಗಿ ನೋಡಬಲ್ಲ ಮಸೂರವನ್ನು ಬಳಕೆಗೆ ತಂದರು. 1959ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಕಡ್ಡಿಗಳನ್ನೇ ಮಸೂರಗಳಾಗಿ ಜೋಡಿಸಿ ಮಂಕಾಗಿದ್ದ ದೃಶ್ಯವನ್ನು ಉಜ್ಜ್ವಲಗೊಳಿಸಿದರು. ತುದಿಯಲ್ಲಿ ಉರಿಯುತ್ತಿದ್ದ ಪುಟ್ಟ ಬಲ್ಬು ಹೋಗಿ, ಹೊರಗಿನ ದೀಪದ ಬೆಳಕನ್ನು ಗಾಜಿನ ಎಳೆಗಳ ಮೂಲಕ ಒಳಕ್ಕೆ ಹಾಯಿಸುವ ವ್ಯವಸ್ಥೆ ಬಂತು. ಆಮೇಲೆ ಪುಟ್ಟ ಕ್ಯಾಮರಾ ಸೇರಿ, ವೈದ್ಯನೊಬ್ಬನೇ ಒಂಟಿಗಣ್ಣಿನಿಂದ ನೋಡುತ್ತಿದ್ದುದನ್ನು ಕೋಣೆಯಲ್ಲಿದ್ದವರೆಲ್ಲರೂ ಪರದೆಯ ಮೇಲೆ ನೋಡುವಂತಾಯಿತು.

ಮುಂಬಯಿಯ ಒಂದು ಆಸ್ಪತ್ರೆ

ಭಾರತದಲ್ಲಿ ಈ ವಿದ್ಯೆಯನ್ನು ಶಸ್ತ್ರವೈದ್ಯರ ಕೈಗೆ ತಂದುಕೊಟ್ಟ ಕೀರ್ತಿ ಮುಂಬಯಿಯ ಡಾ॥ ತೆಹೆಂತೋನ್ ಉದ್ವಾಡಿಯಾ ಅವರದು. 1972ರಲ್ಲಿ ಅವರು ಅಲ್ಲಿನ ಜೆ.ಜೆ. ಆಸ್ಪತ್ರೆಯಲ್ಲಿ ರೋಗವನ್ನು ಗುರುತಿಸುವ ಲ್ಯಾಪರಾಸ್ಕೋಪಿಯನ್ನು ಆರಂಭಿಸಿದರು. ಆಗ ಸಿ.ಟಿ. ಯಂತ್ರ ಇಂಗ್ಲೆಂಡಿನಲ್ಲಿ ಆಗತಾನೆ ಕಣ್ಣುಬಿಟ್ಟಿತ್ತು. ಬಡವರಿಂದ ತುಂಬಿದ ಸಾರ್ವಜನಿಕ ಆಸ್ಪತ್ರೆಯಲ್ಲಿ ಹೊಟ್ಟೆಯ ಬೇನೆಗೆ ಕಾರಣ ತಿಳಿಯಬೇಕಾದರೆ ಒಂದೋ ವಾರಗಟ್ಟಲೆ ಹಾಸಿಗೆ ಹಿಡಿದು ಕಾಯಬೇಕು, ಇಲ್ಲವೆ ಹೊಟ್ಟೆಯನ್ನು ತೆರೆದು ನೋಡಬೇಕು. ದಿನಗೂಲಿಯವನಿಗೆ ಎರಡೂ ದುಬಾರಿ. ಕಿರಿದಾದ ಕಿಂಡಿಯೊಂದು ಅದೇ ದಿನ ಉತ್ತರ ಕೊಡುವುದಾದರೆ ಅದಕ್ಕಿಂತ ಬೇರೆ ಉಪಕಾರವೇನು ಬೇಕು? ಕ್ಷಯವೇ ಹೆಚ್ಚಾಗಿದ್ದ ನಾಡಿನಲ್ಲಿ ಹೊಟ್ಟೆಯ ಕ್ಷಯವನ್ನು ಗುರುತಿಸುವುದರಲ್ಲಿ ಈ ಕಿಂಡಿ ಎಷ್ಟು ನೆರವಾಗುತ್ತದೆಂಬುದನ್ನು ಅವರು ಬರೆದು ತಿಳಿಸಿದರು. 1990ರ ಮೇ 31ರಂದು ಅದೇ ಆಸ್ಪತ್ರೆಯಲ್ಲಿ ಅವರು ಕಿಂಡಿಯ ಮೂಲಕ ಪಿತ್ತಕೋಶವನ್ನು ತೆಗೆದು ದೇಶಕ್ಕೆ ಹೊಸ ದಾರಿ ತೋರಿಸಿದರು. 2017ರಲ್ಲಿ ಪದ್ಮಭೂಷಣ ಪಡೆದ ಅವರು 2023ರಲ್ಲಿ ತೀರಿಕೊಂಡರು. ಪಿತ್ತಕೋಶದ ಆಪರೇಷನ್ನಿನಿಂದಲೇ ಈ ವಿದ್ಯೆ ಜನಪ್ರಿಯವಾಯಿತೆಂಬುದು ನಿಜ. ಆದರೆ ನೋಡುವ ಕಿಂಡಿ ಮೊದಲು ಬಂತು, ಮಾಡುವ ಕಿಂಡಿ ಆಮೇಲೆ ಬಂತು.

ಕಿಂಡಿಯೊಳಗಿನ ನೋಟ

ಈಗ ಈ ಕಾರ್ಯ ನಡೆಯುವ ಬಗೆಯನ್ನು ನೋಡಬಹುದು. ಸಾಮಾನ್ಯವಾಗಿ ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳಿನ ಬಳಿ ಸುಮಾರು ಒಂದು ಸೆಂಟಿಮೀಟರಿನ ಗಾಯ ಮಾಡಿ, ಅಲ್ಲಿಂದ ಇಂಗಾಲಾಮ್ಲ ಅನಿಲವನ್ನು ಮೆಲ್ಲನೆ ತುಂಬುತ್ತಾರೆ. ಇದು ಉರಿಯುವ ಅನಿಲವಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಬೀಳುತ್ತದೆ. ಆದ್ದರಿಂದಲೇ ಇದರ ಆಯ್ಕೆ. ಹೊಟ್ಟೆ ಗುಡಾರದಂತೆ ಮೇಲೆದ್ದು ಒಳಗೆ ನೋಡುವಷ್ಟು ಜಾಗವಾಗುತ್ತದೆ. ಆಗ ದೀಪವೂ ಕ್ಯಾಮರಾವೂ ಉಳ್ಳ ದರ್ಶಕ ಕೊಳವೆಯನ್ನು ಇಳಿಸುತ್ತಾರೆ. ಪಕ್ಕದಲ್ಲಿ ಅರ್ಧ ಸೆಂಟಿಮೀಟರಿನ ಒಂದೋ ಎರಡೋ ಕಿಂಡಿಗಳಿಂದ ಚಿಮಟಗಳು ಒಳಹೋಗುತ್ತವೆ.

ಕ್ಷಯವಿದ್ದರೆ ಪರದೆಯ ಮೇಲೆ ಮೂಡುವ ಚಿತ್ರ ಒಮ್ಮೆ ಕಂಡವರಿಗೆ ಮರೆಯುವಂಥದಲ್ಲ. ನೀರು ತಿಳಿ ಹಳದಿ. ಥಳಥಳಿಸಬೇಕಾದ ಪೊರೆ ಮಂಕಾಗಿ ಕೆಂಪೇರಿ ದಪ್ಪಗಾಗಿದೆ. ಅದರ ಮೇಲೆ, ಕರುಳಿನ ಮೇಲೆ, ಈಲಿಯ ಮೇಲೆ ಯಾರೋ ನವಣೆಯ ಕಾಳು ಚೆಲ್ಲಿದಂತೆ ಹಳದಿ ಬಿಳುಪಿನ ಸಣ್ಣ ಗಂಟುಗಳು ಒಂದೇ ಸಮನಾಗಿ ಹರಡಿವೆ. ಪಾಶ್ಚಾತ್ಯ ವೈದ್ಯರು ಇವನ್ನು ‘ಮಿಲಿಯರಿ’ ಗಂಟುಗಳೆಂದು ಕರೆದದ್ದೂ ಇಂಥ ಕಿರುಧಾನ್ಯದ ಹೆಸರಿನಿಂದಲೇ. ಕೆಲವರಲ್ಲಿ ಗಂಟುಗಳೊಡನೆ ಜೇಡರ ಬಲೆಯಂಥ ಅಂಟುಪೊರೆಗಳು ಕರುಳನ್ನು ಗೋಡೆಗೆ ತೂಗುಹಾಕಿರುತ್ತವೆ. ಇನ್ನು ಕೆಲವರಲ್ಲಿ ನೀರೂ ಇಲ್ಲ, ಗಂಟೂ ಇಲ್ಲ. ಎಲ್ಲವೂ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ. ಇಂಥವರ ಹೊಟ್ಟೆಯನ್ನು ಹೊರಗಿನಿಂದ ಒತ್ತಿದಾಗ ನಾದಿದ ಹಿಟ್ಟನ್ನು ಮುಟ್ಟಿದಂತಾಗುವುದೆಂದು ಹಳೆಯ ವೈದ್ಯರು ಬರೆದಿರುವುದುಂಟು. ಮಕ್ಕಳಿಲ್ಲದ ದುಃಖಕ್ಕೆ ಕಾರಣ ಹುಡುಕುತ್ತ ಕಿಂಡಿ ತೆರೆದಾಗ ಅಂಡನಾಳಗಳಲ್ಲಿ ಇದೇ ಗಂಟುಗಳು ಕಾಣಸಿಗುವುದೂ ನಮ್ಮ ದೇಶದಲ್ಲಿ ಅಪೂರ್ವವಲ್ಲ.

ಅನುಭವಿಗಳ ಕಣ್ಣಿಗೆ ಈ ನೋಟದಿಂದಲೇ ಪೊರೆಯ ಕ್ಷಯ ನೂರರಲ್ಲಿ ತೊಂಬತ್ತರಷ್ಟು ಮಂದಿಯಲ್ಲಿ ಗೊತ್ತಾಗುತ್ತದೆ. ಹಾಗೆಂದು ಕಣ್ಣನ್ನು ಮಾತ್ರ ನಂಬುವುದು ಜಾಣತನವಲ್ಲ. ಕ್ಯಾನ್ಸರಿನ ಬೀಜಗಳೂ ಕೆಲವು ಸಲ ಹೀಗೆಯೇ ಹರಡಿರುತ್ತವೆ. ಆದುದರಿಂದ ಚಿಮಟದಿಂದ ಒಂದೆರಡು ಗಂಟುಗಳನ್ನು ಕಿತ್ತು ಪರೀಕ್ಷೆಗೆ ಕಳುಹಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಆ ಗಂಟಿನ ನಡುವಣ ಭಾಗ ಸತ್ತು, ಗಿಣ್ಣಿನಂತೆ ಮೆತ್ತಗಾಗಿರುವುದು ಕಂಡರೆ ಕ್ಷಯದ ಮುದ್ರೆ ಬಿದ್ದಂತೆ.

ತುಣುಕು ಬೀಳಬೇಕಾದ ಎರಡು ಸೀಸೆಗಳು

ಇಲ್ಲಿ ನೋಡಲು ಅಲ್ಪವೆನ್ನಿಸುವ ಒಂದು ಸಂಗತಿಯಿದೆ. ಅದರ ಮೇಲೆ ಬಹಳ ನಿಂತಿದೆ. ತೆಗೆದ ತುಣುಕುಗಳನ್ನೆಲ್ಲ ರೂಢಿಯಂತೆ ಫಾರ್ಮಲಿನ್ ದ್ರವದ ಸೀಸೆಗೆ ಹಾಕುವುದುಂಟು. ಸೂಕ್ಷ್ಮದರ್ಶಕದ ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಸತ್ತ ರೋಗಾಣುವನ್ನು ಸಾಕಿ ಬೆಳೆಸುವುದು ಹೇಗೆ? ಬೆಳೆಸದಿದ್ದರೆ ಅದು ಯಾವ ಮದ್ದಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲವೆಂದು ತಿಳಿಯುವುದು ಹೇಗೆ? ಆದ್ದರಿಂದ ಒಂದು ತುಣುಕು ಫಾರ್ಮಲಿನ್ನಿಗೂ, ಇನ್ನೊಂದು ತುಣುಕು ಬರಿಯ ಉಪ್ಪುನೀರಿನ ಸಲೈನ್ ಸೀಸೆಗೂ ಹೋಗಬೇಕು. ಎರಡನೆಯದರಿಂದ ರೋಗಾಣುವನ್ನು ಬೆಳೆಸಬಹುದು. ಸುಮಾರು ಎರಡು ಗಂಟೆಗಳಲ್ಲಿ ಉತ್ತರ ಕೊಡುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೂ ಕೊಡಬಹುದು. ಆ ಯಂತ್ರ ಕ್ಷಯದ ರೋಗಾಣುವಿನ ಗುರುತನ್ನು ಹಿಡಿಯುವುದಲ್ಲದೆ ಮುಖ್ಯ ಔಷಧಿಯಾದ ರಿಫಾಂಪಿಸಿನ್ನಿಗೆ ಅದು ಮಣಿಯುತ್ತದೆಯೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಅದು “ಇಲ್ಲ” ಎಂದ ಮಾತ್ರಕ್ಕೆ ಹೊಟ್ಟೆಯ ಕ್ಷಯವಿಲ್ಲವೆಂದು ತೀರ್ಮಾನಿಸಲಾಗದು; “ಹೌದು” ಎಂದರೆ ಮಾತ್ರ ಬೆಲೆಯುಳ್ಳ ಮಾತು. ಮನೆಯವರು ಆಪರೇಷನ್ನಿಗೆ ಮುಂಚೆ “ತುಣುಕನ್ನು ಎರಡು ಬಗೆಯ ಪರೀಕ್ಷೆಗೂ ಕಳುಹಿಸುವಿರಾ?” ಎಂದು ವಿನಯದಿಂದ ಕೇಳಿದರೆ ಯಾವ ಡಾಕ್ಟರರೂ ಬೇಸರಪಡಬೇಕಾಗಿಲ್ಲ.

ಕಿಂಡಿಗೂ ಮಿತಿಯುಂಟು

ಎಲ್ಲರಿಗೂ ಎಲ್ಲ ಹೊಟ್ಟೆನೋವಿಗೂ ಈ ಕಿಂಡಿ ಬೇಕೆಂದು ಯಾರೂ ಭಾವಿಸಬಾರದು. ಲ್ಯಾಪರಾಸ್ಕೋಪು ಕರುಳಿನ ಹೊರಮೈಯನ್ನು ನೋಡುತ್ತದೆ, ಒಳಮೈಯನ್ನಲ್ಲ. ರೋಗ ಕರುಳಿನ ಒಳಗೋಡೆಯಲ್ಲಿದ್ದರೆ ಗುದದ್ವಾರದಿಂದ ಹೋಗುವ ಕೊಲೊನೋಸ್ಕೋಪಿಯೇ ಸರಿಯಾದ ದಾರಿ. ಕತ್ತಿನಲ್ಲಿ ಗಂಟಿದ್ದರೆ ಅಲ್ಲಿಂದಲೇ ತುಣುಕು ತೆಗೆದು ಕೆಲಸ ಮುಗಿಸಬಹುದು. ಕೆಲವರಲ್ಲಿ ಅಲ್ಟ್ರಾಸೌಂಡಿನ ಆಸರೆಯಿಂದ ಸೂಜಿ ಹಾಯಿಸಿಯೇ ತುಣುಕು ದೊರೆಯುತ್ತದೆ. ಹೊಟ್ಟೆಯ ನೀರು, ಎ.ಡಿ.ಎ., ಸ್ಕ್ಯಾನು ಮುಂತಾದ ಸುಲಭದ ಸಾಕ್ಷಿಗಳೆಲ್ಲ ಒಂದೇ ಮಾತನ್ನು ಹೇಳಿದರೆ ವೈದ್ಯರು ಅಲ್ಲಿಗೇ ನಿಲ್ಲುವುದೂ ಉಂಟು. ಸಾಕ್ಷಿಗಳು ಒಂದಕ್ಕೊಂದು ಎದುರಾಡಿದಾಗ, ಕ್ಯಾನ್ಸರಿನ ನೆರಳು ಬಿದ್ದಾಗ, ಗುಳಿಗೆ ಕೊಟ್ಟರೂ ರೋಗ ಇಳಿಯದಾಗ ಕಿಂಡಿಯ ಸರದಿ.

ಅಪಾಯವೇ ಇಲ್ಲವೆಂದೂ ಹೇಳಲಾಗದು. ಅರಿವಳಿಕೆಯ ಎಚ್ಚರ ಎಲ್ಲ ಆಪರೇಷನ್ನಿನಂತೆ ಇಲ್ಲಿಯೂ ಬೇಕು. ಅಂಟುಪೊರೆಗಳಿಂದ ಕರುಳು ಹೊಟ್ಟೆಯ ಗೋಡೆಗೇ ಕಚ್ಚಿಕೊಂಡಿರುವ ರೋಗಿಯಲ್ಲಿ ಸೂಜಿಯೋ ಕೊಳವೆಯೋ ಕರುಳನ್ನು ಚುಚ್ಚುವ ಸಂಭವವುಂಟು. ಇಂಥಲ್ಲಿ ನುರಿತವರು ಸೂಜಿಯನ್ನು ಕುರುಡಾಗಿ ಇಳಿಸದೆ, ಸಣ್ಣ ಗಾಯವನ್ನು ಕಣ್ಣಿಂದ ನೋಡುತ್ತಲೇ ಪದರ ಪದರವಾಗಿ ಬಿಡಿಸಿ ಒಳಹೋಗುತ್ತಾರೆ. ಒಮ್ಮೊಮ್ಮೆ ಕಿಂಡಿಯಿಂದ ಸಾಧ್ಯವಾಗದೆ ಹೊಟ್ಟೆಯನ್ನು ತೆರೆಯಬೇಕಾಗುವುದೂ ಉಂಟು. ಉಪಕರಣಗಳ ಶುದ್ಧಿಯಲ್ಲಿ ಅಜಾಗ್ರತೆಯಾದರೆ ಕಿಂಡಿಯ ಗಾಯಗಳೇ ತಿಂಗಳುಗಟ್ಟಲೆ ಮಾಯದೆ ಕಾಡುತ್ತವೆ. ಆದರೂ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ನೋಡುವುದರೊಡನೆ ಹೋಲಿಸಿದರೆ ನೋವು ಅಲ್ಪ, ಗಾಯ ಅಲ್ಪ. ಬಹುಮಂದಿ ಒಂದೆರಡು ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ಗುರುತಾದ ಮೇಲೆ

ಕ್ಷಯವೆಂದು ಖಚಿತವಾದ ಮೇಲೆ ಮುಂದಿನ ದಾರಿ ನೇರವಾದುದು. ಸಾಮಾನ್ಯ ಔಷಧಿಗಳಿಗೆ ಮಣಿಯುವ ರೋಗವಾದರೆ ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಆಮೇಲೆ ನಾಲ್ಕು ತಿಂಗಳು ಮೂರು. ಒಟ್ಟು ಆರು ತಿಂಗಳು. ಮೂತ್ರ ಕಿತ್ತಳೆಯ ಬಣ್ಣವಾದರೆ ಹೆದರಬೇಕಾಗಿಲ್ಲ. ಅದು ರಿಫಾಂಪಿಸಿನ್ನಿನ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ಡಾಕ್ಟರರಲ್ಲಿ ಹೋಗಬೇಕು. ಈ ಔಷಧಿಗಳು ಈಲಿಗೆ ಭಾರ. ಊಹೆಯ ಮೇಲೆ ಅವನ್ನು ನುಂಗಿಸಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಜ್ವರ ಬಿಟ್ಟು ಹಸಿವು ಹುಟ್ಟಿತೆಂದು ಎರಡನೆಯ ತಿಂಗಳಿಗೇ ಗುಳಿಗೆ ಬಿಡುವವರು ಅರ್ಧ ಸತ್ತ ಹಾವನ್ನು ಮನೆಯಲ್ಲಿಟ್ಟುಕೊಂಡವರಂತೆ. ವಾಸಿಯಾದ ಮೇಲೂ ಕೆಲವರಲ್ಲಿ ಕರುಳಿನ ಒಂದೆಡೆ ಇರುಕಾಗಿ ಉಳಿದು ಶಸ್ತ್ರಕ್ರಿಯೆ ಬೇಕಾಗಬಹುದು.

ಔಷಧಿಯ ಖರ್ಚಿಗೆ ಹೆದರಬೇಕಾದ ಕಾಲ ಇದಲ್ಲ. ಸರ್ಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಅದು ಉಚಿತ. ಖಾಸಗಿ ಡಾಕ್ಟರರ ಬಳಿ ಚಿಕಿತ್ಸೆ ಪಡೆಯುವವರ ರೋಗವನ್ನೂ ಸರ್ಕಾರಕ್ಕೆ ತಿಳಿಸಬೇಕೆಂಬ ಆಜ್ಞೆ 2012ರಿಂದ ಇದೆ. 2018ರಲ್ಲಿ ಆರಂಭವಾದ ನಿಕ್ಷಯ ಪೋಷಣ ಯೋಜನೆಯಂತೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಯಿತು. ಹೊಟ್ಟೆಯ ಕ್ಷಯವುಳ್ಳವರಿಗೂ ಇದು ಸಲ್ಲುತ್ತದೆ. ಎದೆಯಲ್ಲಿ ರೋಗವಿಲ್ಲದೆ ಹೊಟ್ಟೆಯಲ್ಲಿ ಮಾತ್ರ ಇದ್ದರೆ ಅದು ಉಸಿರಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ ಲೋಟಗಳನ್ನು ಬೇರೆಯಿಡುವುದಾಗಲಿ, ತಾಯಿಯನ್ನು ಮಗುವಿನಿಂದ ದೂರ ಮಾಡುವುದಾಗಲಿ ಬೇಕಾಗಿಲ್ಲ.

ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ಮಂದಿ ಭಾರತದಲ್ಲಿದ್ದಾರೆ. ಆದ್ದರಿಂದ ತಿಂಗಳುಗಟ್ಟಲೆ ಬಿಡದ ಹೊಟ್ಟೆನೋವು, ಸಂಜೆಯ ಜ್ವರ, ಇಳಿಯುವ ತೂಕ, ಉಬ್ಬುವ ಹೊಟ್ಟೆ ಇವು ಒಟ್ಟಿಗೆ ಕಂಡಾಗ “ಇದು ಕ್ಷಯವಿರಬಹುದೆ?” ಎಂಬ ಪ್ರಶ್ನೆ ರೋಗಿಗೂ ವೈದ್ಯರಿಗೂ ಬೇಗ ಹೊಳೆಯಬೇಕು. ಪ್ರಶ್ನೆ ಹೊಳೆದ ಮೇಲೆ ಉತ್ತರವನ್ನು ಊಹೆಗೆ ಬಿಡದೆ ಸಾಕ್ಷಿಯಿಂದ ಪಡೆಯಬೇಕು. ಗುಣವಾಗದ ರೋಗಕ್ಕೆ ಹೆಸರು ತಡವಾಗಿ ತಿಳಿದರೆ ದುಃಖ. ಪೂರ್ತಿ ಗುಣವಾಗುವ ರೋಗಕ್ಕೆ ಹೆಸರು ತಿಳಿಯದೆ ಒಬ್ಬರು ಸವೆದು ಹೋದರೆ ಅದು ಅನ್ಯಾಯ. ಆ ಅನ್ಯಾಯ ಆಗದಂತೆ ಕಾಯುವುದಕ್ಕೆ, ಉಳಿದ ದಾರಿಗಳೆಲ್ಲ ಮುಚ್ಚಿದಾಗ, ಒಂದು ಸೆಂಟಿಮೀಟರಿನ ಗಾಯ ಹೆಚ್ಚಿನ ಬೆಲೆಯೇನೂ ಅಲ್ಲ.